ಪಾರ್ಸ್ ಆದದ್ದೆಲ್ಲ ಸರಿಯಾದ ಡೇಟಾ ಅಲ್ಲ

ವೆಬ್ ಅಪ್ಲಿಕೇಶನ್ ಬರೆಯಲು ಕಲಿಯುತ್ತಿರುವವರ ಕೋಡ್ ಕೈಗೆ ಬಂದಾಗ ನಾನು ಮೊದಲು ಹುಡುಕುವುದು, ಹೊರಗಿನಿಂದ ಬಂದ ಡೇಟಾವನ್ನು ಅವರು ಎಲ್ಲಿ ತಡೆದು ವಿಚಾರಿಸುತ್ತಾರೆ ಎಂಬುದನ್ನು. ಸಾಮಾನ್ಯವಾಗಿ ಫಾರ್ಮ್‌ನಲ್ಲಿ ‘ರಿಕ್ವೈರ್ಡ್’ ಎಂದು ಹಾಕಿರುತ್ತಾರೆ. ಸರ್ವರ್‌ನಲ್ಲಿ ಜೇಸನ್ (ಡೇಟಾ ವಿನಿಮಯಕ್ಕೆ ಬಳಸುವ ಪಠ್ಯ ರೂಪ) ಪಾರ್ಸ್ ಮಾಡಿ, ಅಂದರೆ ಆ ಪಠ್ಯವನ್ನು ಓದಿ ಪ್ರೋಗ್ರಾಂ ಬಳಸುವ ರೂಪಕ್ಕೆ ತಂದು, ಎರರ್ ಬರದಿದ್ದರೆ ನೇರ ಡೇಟಾಬೇಸ್‌ಗೆ ದಾಟಿಸಿರುತ್ತಾರೆ. ಫಾರ್ಮ್‌ನ ತಪಾಸಣೆ ಇರುವುದು ಬಳಕೆದಾರರ ಅನುಕೂಲಕ್ಕೆ. ಕರ್ಲ್‌ನಂಥ ಕಮಾಂಡ್ ಸಾಧನದಿಂದ ನೇರ ರಿಕ್ವೆಸ್ಟ್ ಕಳಿಸುವವರಿಗೆ ಆ ಫಾರ್ಮ್ ಎದುರಾಗುವುದೇ ಇಲ್ಲ. ಇನ್ನು ಪಾರ್ಸರ್ ನೋಡುವುದು ಆವರಣ, ಅಲ್ಪವಿರಾಮ, ಉದ್ಧರಣ ಚಿಹ್ನೆಗಳನ್ನಷ್ಟೇ. ವಯಸ್ಸಿನ ಜಾಗದಲ್ಲಿ -7 ಇದ್ದರೂ ಅದಕ್ಕೆ ತಕರಾರಿಲ್ಲ.

ಇಲ್ಲಿಂದ ಮುಂದಿನ ಕೆಲಸ ಸ್ಕೀಮಾದ್ದು, ಅಂದರೆ ಡೇಟಾ ಹೇಗಿರಬೇಕೆಂದು ಬರೆದಿಟ್ಟ ನಿಯಮಗಳದ್ದು. ಡೇಟಾ ಬರೆಯುವ ಇನ್ನೊಂದು ರೂಪವಾದ ಎಕ್ಸ್‌ಎಂಎಲ್‌ಗೆ ಎಕ್ಸ್‌ಎಸ್‌ಡಿ ಎಂಬ ಸ್ಕೀಮಾ ಇದೆ, 2001ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ ಅಂಗೀಕರಿಸಿದ್ದು. ಜೇಸನ್‌ಗೆ ಜೇಸನ್ ಸ್ಕೀಮಾ. ಎರಡರ ಸ್ವಭಾವ ಮಾತ್ರ ತದ್ವಿರುದ್ಧ: ಎಕ್ಸ್‌ಎಸ್‌ಡಿಯಲ್ಲಿ ಹೇಳದೆ ಬಿಟ್ಟ ಎಲಿಮೆಂಟ್‌ಗೆ ಪ್ರವೇಶವಿಲ್ಲ, ಜೇಸನ್ ಸ್ಕೀಮಾದಲ್ಲಿ ಬೇಡವೆಂದು ಹೇಳದ್ದೆಲ್ಲ ಒಳಗೆ ಬರುತ್ತದೆ. ಖಾಲಿ ಸ್ಕೀಮಾ ಏನನ್ನು ಕೊಟ್ಟರೂ ಒಪ್ಪುತ್ತದೆ. ‘ಪ್ರಾಪರ್ಟೀಸ್’ ಅಡಿಯಲ್ಲಿ ಫೀಲ್ಡ್ ಬರೆದ ಮಾತ್ರಕ್ಕೆ ಅದು ಕಡ್ಡಾಯವಾಗದು, ‘ರಿಕ್ವೈರ್ಡ್’ ಪಟ್ಟಿಗೂ ಸೇರಿಸಬೇಕು. ‘ಮಿನಿಮಮ್’ 18 ಎಂದು ಬರೆದು ‘ಟೈಪ್’ ಮರೆತರೆ "ಎಬಿಸಿ" ಎಂಬ ಸ್ಟ್ರಿಂಗ್ ಸಲೀಸಾಗಿ ಪಾಸಾಗುತ್ತದೆ, ಏಕೆಂದರೆ ಆ ನಿಯಮ ಸಂಖ್ಯೆಗಳಿಗೆ ಮಾತ್ರ. ಜೇಸನ್ ಸ್ಕೀಮಾದ 2020-12 ಆವೃತ್ತಿಯಲ್ಲಿ ‘ಫಾರ್ಮ್ಯಾಟ್’ ಇಮೇಲ್ ಎಂದು ಬರೆದರೂ ನೀವಾಗಿ ಆನ್ ಮಾಡದಿದ್ದರೆ ಅದು ಬರೀ ಟಿಪ್ಪಣಿ. ಹಾಗಾಗಿ ಸರಿಯಾದ ಡೇಟಾ ಪಾಸಾಯಿತೆಂದು ತೋರಿಸುವ ಟೆಸ್ಟ್ ನನಗೆ ಸಾಲದು. ಬೇಕೆಂದೇ ಕೆಡಿಸಿದ ಡೇಟಾ ಕೊಟ್ಟು, ಸ್ಕೀಮಾ ಅದನ್ನು ತಿರಸ್ಕರಿಸುತ್ತದೆಯೇ ಎಂದು ನೋಡಬೇಕು.

ಪಟ್ಟಿಯಲ್ಲಿಲ್ಲದ ಫೀಲ್ಡ್‌ಗಳ ಬಗ್ಗೆ ಜಗಳಗಳೇ ನಡೆಯುತ್ತವೆ. ನಮ್ಮ ಎಪಿಐಗೆ (ಬೇರೆ ಪ್ರೋಗ್ರಾಂಗಳು ನಮ್ಮದರೊಡನೆ ಮಾತಾಡುವ ದ್ವಾರ) ಬರುವ ರಿಕ್ವೆಸ್ಟ್‌ನಲ್ಲಿ ಅವನ್ನು ತಿರಸ್ಕರಿಸುವುದೇ ಮೇಲು; ಯಾರೋ ‘ಅಡ್ಮಿನ್: ಟ್ರೂ’ ಎಂದು ಸೇರಿಸಿ ಕಳಿಸಿದ್ದು ಆಗಲೇ ಸಿಕ್ಕಿಬೀಳುತ್ತದೆ. ಬೇರೆಯವರ ಎಪಿಐನಿಂದ ಬಂದ ಉತ್ತರದಲ್ಲಾದರೆ ಸುಮ್ಮನೆ ಬಿಡಬೇಕು. ಅವರು ನಾಳೆ ಹೊಸದೊಂದು ಫೀಲ್ಡ್ ಸೇರಿಸಿದರೆ ನಮ್ಮ ಅಪ್ಲಿಕೇಶನ್ ಏಕೆ ನಿಲ್ಲಬೇಕು?

ಸ್ಕೀಮಾದ ಕಣ್ಣಿಗೆ ಬೀಳದ ತೊಂದರೆಗಳೂ ಇವೆ, ಅವೇ ಹೆಚ್ಚು ಕಾಡುತ್ತವೆ. ಒಂದೇ ಆಬ್ಜೆಕ್ಟ್‌ನಲ್ಲಿ ಒಂದೇ ಕೀ ಎರಡು ಸಲ ಬಂದರೆ? ಜೇಸನ್‌ನ ನಿಯಮ ಹೇಳುವ 2017ರ ಆರ್‌ಎಫ್‌ಸಿ 8259 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ಮಾನದಂಡದ ದಾಖಲೆ) ಕೀಗಳು ಬೇರೆಬೇರೆ ಇರಬೇಕೆಂದು ಸಲಹೆ ಕೊಡುತ್ತದೆಯೇ ಹೊರತು ನಿಷೇಧಿಸುವುದಿಲ್ಲ. ಜಾವಾಸ್ಕ್ರಿಪ್ಟ್ ಕೊನೆಯದನ್ನು ಇಟ್ಟುಕೊಳ್ಳುತ್ತದೆ. ಅದೇ ವರ್ಷ ಅಪಾಚೆ ಕೌಚ್‌ಡಿಬಿ ಎಂಬ ಡೇಟಾಬೇಸ್‌ನಲ್ಲಿ ಇದೇ ಗಂಡಾಂತರವಾಯಿತು: ಬಳಕೆದಾರರ ದಾಖಲೆಯಲ್ಲಿ ‘ರೋಲ್ಸ್’ (ಅವರ ಅಧಿಕಾರಗಳ ಪಟ್ಟಿ) ಎರಡು ಸಲ ಬರೆದು ಕಳಿಸಿದರೆ, ವ್ಯಾಲಿಡೇಷನ್ ನಡೆಸುವ ಜಾವಾಸ್ಕ್ರಿಪ್ಟ್ ಭಾಗಕ್ಕೆ ಕಾಣುತ್ತಿದ್ದುದು ಎರಡನೆಯದು, ಅಧಿಕಾರ ನಿರ್ಧರಿಸುವ ಎರ್ಲಾಂಗ್ ಭಾಷೆಯ ಭಾಗ ಓದುತ್ತಿದ್ದುದು ಮೊದಲನೆಯದು. ಸಾಮಾನ್ಯ ಬಳಕೆದಾರ ಅಡ್ಮಿನ್ ಆಗಬಹುದಿತ್ತು. ಹೀಗಾಗಿ ತಪಾಸಣೆ ಮುಗಿದ ಮೇಲೆ ಮೂಲ ಪಠ್ಯವನ್ನು ಮುಂದಿನವರಿಗೆ ಕೊಡಬೇಡಿ. ತಪಾಸಣೆ ಮಾಡಿದ ಆಬ್ಜೆಕ್ಟ್‌ನಿಂದ ಹೊಸ ಜೇಸನ್ ಬರೆದು ಕೊಡಿ.

ಸಂಖ್ಯೆಗಳದ್ದೂ ಇಂಥದೇ ಕಥೆ. 9007199254740993 ಎಂಬ ಐಡಿಯನ್ನು ಬ್ರೌಸರ್‌ನಲ್ಲಿ ಜೇಸನ್‌ನಿಂದ ಪಾರ್ಸ್ ಮಾಡಿ ನೋಡಿ, ಕೊನೆಯ ಅಂಕಿ 2 ಆಗಿರುತ್ತದೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ದೊಡ್ಡ ಐಡಿಗಳನ್ನು ಸ್ಟ್ರಿಂಗ್ ಆಗಿಯೇ ಕಳಿಸಿ. ದಿನಾಂಕವಾದರೆ ಆರ್‌ಎಫ್‌ಸಿ 3339 ಹೇಳುವಂತೆ ವರ್ಷ ಮೊದಲು, ಸಮಯವಿದ್ದರೆ ಜೊತೆಗೆ ಟೈಮ್‌ಝೋನ್ ವ್ಯತ್ಯಾಸ.

ಡೇಟಾ ತಪ್ಪಿದ್ದಾಗ ಕೊಡುವ ಉತ್ತರವೂ ವಿನಿಮಯದ ಭಾಗವೇ. 200 (ಎಲ್ಲ ಸರಿ ಎನ್ನುವ ಎಚ್‌ಟಿಟಿಪಿ ಸಂಕೇತ) ಕಳಿಸಿ ಒಳಗೆ ‘ಎರರ್’ ಎಂದು ಬರೆಯುವ ಚಾಳಿ ನನಗೆ ಸಹಿಸಲಾಗದು. ರಿಕ್ವೆಸ್ಟ್ ತಪ್ಪಿದೆ ಎನ್ನುವ 400 ಅಥವಾ 422 ಕೊಡಿ. ಉತ್ತರದ ಒಡಲಿಗೆ ಆರ್‌ಎಫ್‌ಸಿ 9457ರ ಮಾದರಿ ಸಿದ್ಧವಿದೆ, ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ. ಯಾವ ಫೀಲ್ಡ್, ಏನು ತಪ್ಪು ಎಂಬುದನ್ನು ಒಂದೊಂದಾಗಿ ಸತಾಯಿಸದೆ ಒಟ್ಟಿಗೇ ಹೇಳಿಬಿಡಿ.