‘ವಾರ್‌ಗೇಮ್ಸ್’ ಮತ್ತೆ ತೆಗೆಯುವುದಾದರೆ ಕೊನೆಯನ್ನು ಬದಲಿಸಿ

ಹ್ಯಾಕಿಂಗ್ ಬಗ್ಗೆ ಬಂದ ಹಳೆಯ ಸಿನಿಮಾಗಳಲ್ಲಿ ನಮ್ಮ ವೃತ್ತಿಯವರು ಇಂದಿಗೂ ಪ್ರೀತಿಯಿಂದ ನೆನೆಯುವುದು 1983ರ ‘ವಾರ್‌ಗೇಮ್ಸ್’ ಅನ್ನು. ಅದನ್ನು ಈ ಕಾಲಕ್ಕೆ ತಕ್ಕಂತೆ ಮತ್ತೆ ತೆಗೆಯಬೇಕೇ ಎಂಬ ಮಾತು ಆಗಾಗ ಬರುತ್ತದೆ. ಕಂಪ್ಯೂಟರ್ ಭದ್ರತೆಯ ಕೆಲಸದಲ್ಲಿರುವ ನನಗೆ ತೆಗೆಯಬೇಕು ಎಂದೇ ಅನ್ನಿಸುತ್ತದೆ. ಮೊದಲರ್ಧವನ್ನು ಹೆಚ್ಚು ಕೆದಕಬಾರದು. ಕೊನೆಯನ್ನು ಮಾತ್ರ ಬದಲಿಸಲೇಬೇಕು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಸಿಯಾಟಲ್‌ನ ಶಾಲಾ ಹುಡುಗ ಡೇವಿಡ್ ಹೊಸ ಕಂಪ್ಯೂಟರ್ ಆಟಗಳನ್ನು ಹುಡುಕುತ್ತಾ ಹೋಗಿ, ಅಮೆರಿಕದ ಅಣು ಕ್ಷಿಪಣಿಗಳನ್ನು ನಡೆಸುವ ಸೇನಾ ಕಂಪ್ಯೂಟರಿನೊಳಗೆ ಸೇರಿಕೊಳ್ಳುತ್ತಾನೆ. ಅಲ್ಲಿ ಕಂಡ ಯುದ್ಧದ ಆಟವನ್ನು ಸುಮ್ನೆ ಶುರು ಮಾಡುತ್ತಾನೆ. ಯಂತ್ರಕ್ಕೆ ಆಟ ಯಾವುದು, ನಿಜ ಯಾವುದು ಗೊತ್ತಿಲ್ಲ. ಸೇನೆಯವರಿಗೆ ಪರದೆಯ ಮೇಲೆ ಸೋವಿಯತ್ ಕ್ಷಿಪಣಿಗಳು ಕಾಣಿಸತೊಡಗುತ್ತವೆ.

ಹುಡುಗ ಒಳಗೆ ಹೋಗುವ ರೀತಿಯನ್ನು ಗಮನಿಸಿ. ಕೀಬೋರ್ಡನ್ನು ಪಟಪಟ ಕುಟ್ಟಿ ಎರಡೇ ನಿಮಿಷದಲ್ಲಿ ‘ಒಳಗೆ ಬಂದೆ’ ಎನ್ನುವ ಹುಡುಗನಲ್ಲ ಇವನು. ಶಾಲೆಯ ಕಂಪ್ಯೂಟರಿನ ಪಾಸ್‌ವರ್ಡ್ ಅವನಿಗೆ ಸಿಗುವುದು ಕಚೇರಿಯಲ್ಲಿ ಬರೆದಿಟ್ಟ ಒಂದು ಚೀಟಿಯಿಂದ. ಸನ್ನಿವೇಲ್ ಊರಿನ ಟೆಲಿಫೋನ್ ನಂಬರುಗಳಿಗೆಲ್ಲ ತನ್ನ ಕಂಪ್ಯೂಟರಿನಿಂದ ಒಂದೊಂದಾಗಿ ಕರೆ ಮಾಡಿಸಿ, ಎಲ್ಲಿ ಮನುಷ್ಯರ ಬದಲು ಕಂಪ್ಯೂಟರ್ ಉತ್ತರಿಸುತ್ತದೆ ಎಂದು ಪಟ್ಟಿ ಮಾಡುತ್ತಾನೆ. ಸೇನಾ ಕಂಪ್ಯೂಟರ್ ಸಿಕ್ಕಾಗ ಪಾಸ್‌ವರ್ಡ್ ಗೊತ್ತಿರುವುದಿಲ್ಲ. ಆಗ ಗ್ರಂಥಾಲಯಕ್ಕೆ ಹೋಗುತ್ತಾನೆ. ಅದನ್ನು ರೂಪಿಸಿದ ವಿಜ್ಞಾನಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾನೆ. ಆ ವಿಜ್ಞಾನಿಯ ತೀರಿಹೋದ ಮಗನ ಹೆಸರೇ ಗುಟ್ಟಿನ ಪಾಸ್‌ವರ್ಡ್ ಎಂದು ಕೊನೆಗೆ ಹೊಳೆಯುತ್ತದೆ.

ನಮ್ಮ ಕೆಲಸ ಇವತ್ತಿಗೂ ಹೀಗೇ ನಡೆಯುತ್ತದೆ. ಗ್ರಾಹಕರು ತಮ್ಮ ನೆಟ್‌ವರ್ಕ್ ಪರೀಕ್ಷಿಸಿ ಎಂದು ಕರೆದಾಗ ಜಾಸ್ತಿ ಸಮಯ ಹೋಗುವುದು ಓದುವುದರಲ್ಲಿ. ಅಲ್ಲಿ ಯಾರು ಕೆಲಸ ಮಾಡುತ್ತಾರೆ, ಯಾವ ಸಾಧನ ಬಳಸುತ್ತಾರೆ, ಯಾವುದನ್ನು ಹಾಕಿ ಮರೆತಿದ್ದಾರೆ ಎಂದು ಹುಡುಕುವುದರಲ್ಲಿ. ಡೇವಿಡ್ ನಂಬರುಗಳನ್ನು ತಿರುಗಿಸಿದ ವಿಧಾನಕ್ಕೆ ವಾರ್ ಡಯಲಿಂಗ್ ಎಂಬ ಹೆಸರು ಬಂದಿದ್ದೇ ಈ ಸಿನಿಮಾದಿಂದ. ಈಗ ಅದೇ ಕೆಲಸಕ್ಕೆ ಫೋನ್ ಬೇಕಿಲ್ಲ. ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಗಳು ಒಟ್ಟು 429 ಕೋಟಿ ಇವೆ. 2013ರಲ್ಲಿ ಬಂದ ಝಡ್‌ಮ್ಯಾಪ್ ಎಂಬ ಉಪಕರಣ, ಸಾಕಷ್ಟು ವೇಗದ ಸಂಪರ್ಕವಿದ್ದರೆ, ಒಂದೇ ಕಂಪ್ಯೂಟರಿನಿಂದ ಒಂದು ಗಂಟೆಯೊಳಗೆ ಅವುಗಳಲ್ಲಿ ಸಾರ್ವಜನಿಕವಾಗಿರುವ ಎಲ್ಲವನ್ನೂ ತಟ್ಟಿ ನೋಡಬಲ್ಲದು.

ಚೀಟಿಯ ಪಾಸ್‌ವರ್ಡೂ ಎಲ್ಲಿಗೂ ಹೋಗಿಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಲಕ್ಷಾಂತರ ಕ್ಯಾಮೆರಾ ಮತ್ತು ರೂಟರ್‌ಗಳನ್ನು ವಶಮಾಡಿಕೊಂಡಿತು. ಅದಕ್ಕೆ ಬೇಕಾಗಿದ್ದು ಕಂಪನಿಗಳು ಹಾಕಿ ಕಳಿಸಿದ್ದ, ಯಾರೂ ಬದಲಿಸದ ಪಾಸ್‌ವರ್ಡ್‌ಗಳ ಒಂದು ಚಿಕ್ಕ ಪಟ್ಟಿ, ಅಷ್ಟೇ. ಅದನ್ನು ಬರೆದವರು ಎಳೆಯ ವಯಸ್ಸಿನ ಹುಡುಗರು. 2021ರಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ ಸೈಬರ್ ದಾಳಿಯಿಂದಾಗಿ ಇಂಧನ ಸಾಗಣೆಯನ್ನೇ ದಿನಗಟ್ಟಲೆ ನಿಲ್ಲಿಸಬೇಕಾಯಿತು. ದಾಳಿಕೋರರು ಒಳಗೆ ಬಂದಿದ್ದು ಯಾರೂ ಬಳಸದೆ ಬಿಟ್ಟಿದ್ದ ಒಂದು ಹಳೆಯ ಖಾತೆಯಿಂದ. ಪಾಸ್‌ವರ್ಡ್ ಬಿಟ್ಟರೆ ಬೇರೆ ತಡೆಯೇ ಅದಕ್ಕಿರಲಿಲ್ಲ.

ಇನ್ನು ಆ ವಿಜ್ಞಾನಿಯ ಗುಟ್ಟಿನ ಪಾಸ್‌ವರ್ಡ್‌ನಂತೆ, ತಯಾರಿಸಿದವರೇ ಒಳಗೆ ಬರಲು ಗುಟ್ಟಾಗಿ ಬಿಟ್ಟ ಹಿಂಬಾಗಿಲು. 2024ರಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದಲ್ಲಿ ಅಂಥದ್ದೊಂದು ಸಿಕ್ಕಿತು. ಎಷ್ಟೋ ಲಿನಕ್ಸ್ ಸರ್ವರ್‌ಗಳಲ್ಲಿ ಬಳಕೆಯಾಗುವ ತಂತ್ರಾಂಶ ಅದು. ಅಪರಿಚಿತನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕವಾಗಿ ದುಡಿದಂತೆ ನಟಿಸಿ, ನಂಬಿಕೆ ಗಳಿಸಿ, ಆಮೇಲೆ ಬಾಗಿಲು ಇಟ್ಟಿದ್ದ. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಎಂದು ಒಬ್ಬ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ ಅದು ಬಯಲಾಯಿತು. ಹೊಸ ಸಿನಿಮಾ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ದೃಶ್ಯ ಬೇಕಾ? ಅದನ್ನು ಓಡಿಸದೆ ನಿಧಾನವಾಗಿ ತೋರಿಸುವ ಧೈರ್ಯ ಬೇಕು, ಅಷ್ಟೇ.

ಮೂಲ ಸಿನಿಮಾದಲ್ಲಿ ತಾಂತ್ರಿಕವಾಗಿ ತಪ್ಪಿದ ಒಂದು ಜಾಗವಿದೆ. ಕ್ಷಿಪಣಿ ಹಾರಿಸುವ 10 ಅಕ್ಷರಗಳ ಸಂಕೇತವನ್ನು ಯಂತ್ರ ಒಂದೊಂದೇ ಅಕ್ಷರವಾಗಿ ಪತ್ತೆ ಮಾಡುತ್ತಾ ಹೋಗುತ್ತದೆ. ಅಕ್ಷರ ಮತ್ತು ಅಂಕಿ ಸೇರಿ ಪ್ರತಿ ಜಾಗಕ್ಕೆ 36 ಆಯ್ಕೆಗಳು. ಇಡೀ ಸಂಕೇತವನ್ನು ಒಟ್ಟಿಗೆ ಊಹಿಸಬೇಕಾದರೆ 36 ಕೋಟಿ ಕೋಟಿಗೂ ಹೆಚ್ಚು ಸಾಧ್ಯತೆಗಳಿವೆ. ಈ ಅಕ್ಷರ ಸರಿ ಎಂದು ಬೀಗವೇ ಹೇಳಿಕೊಟ್ಟರೆ ಹೆಚ್ಚೆಂದರೆ 360 ಯತ್ನ ಸಾಕು. ಒಳ್ಳೆಯ ಬೀಗ ಹಾಗೆ ಹೇಳುವುದಿಲ್ಲ. ಪ್ರೇಕ್ಷಕರಲ್ಲಿ ಉಸಿರು ಬಿಗಿಹಿಡಿಸಲು ಹಾಗೆ ಮಾಡಿದ್ದಾರೆ, ಇರಲಿ.

ಸಿನಿಮಾದ ಮೂಲ ಭಯ ಮಾತ್ರ ಕಟ್ಟುಕಥೆಯಲ್ಲ. 1979ರ ನವೆಂಬರ್ 9ರಂದು ತರಬೇತಿಗಾಗಿ ಇಟ್ಟಿದ್ದ ದಾಳಿಯ ಮಾಹಿತಿ ಅಮೆರಿಕದ ನಿಜವಾದ ಎಚ್ಚರಿಕೆ ವ್ಯವಸ್ಥೆಗೆ ನುಗ್ಗಿ, ಕ್ಷಿಪಣಿಗಳು ಬರುತ್ತಿವೆ ಎಂದು ತೋರಿಸಿತ್ತು. ಮರುವರ್ಷ ಜೂನ್‌ನಲ್ಲಿ ಒಂದು ಸಣ್ಣ ಚಿಪ್ ಕೆಟ್ಟು ಮತ್ತೆ ಅಂಥದ್ದೇ ಗಾಬರಿ. ಅಧ್ಯಕ್ಷ ರೊನಾಲ್ಡ್ ರೇಗನ್ ಈ ಸಿನಿಮಾ ನೋಡಿ, ಇದು ನಿಜಕ್ಕೂ ನಡೆಯಬಹುದೇ ಎಂದು ತಮ್ಮ ಸೇನಾ ಮುಖ್ಯಸ್ಥರನ್ನು ಕೇಳಿದರು. ಪರಿಸ್ಥಿತಿ ಇನ್ನೂ ಕೆಟ್ಟದಾಗಿದೆ ಎಂಬ ಉತ್ತರ ಬಂತು. 1984ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಕಂಪ್ಯೂಟರುಗಳ ರಕ್ಷಣೆಗೆಂದು ಅಧ್ಯಕ್ಷರ ಆದೇಶವೇ ಹೊರಬಿತ್ತು.

ಈಗ ಕೊನೆಯ ವಿಚಾರ. ಸಿನಿಮಾ ಶುರುವಾಗುವುದು ನೆಲದಡಿಯ ಕ್ಷಿಪಣಿ ಕೋಣೆಯಲ್ಲಿ. ಹಾರಿಸಿ ಎಂಬ ಆದೇಶ ಬರುತ್ತದೆ. ಒಬ್ಬ ಅಧಿಕಾರಿ ಕೀಲಿ ತಿರುಗಿಸಲು ಒಪ್ಪುವುದಿಲ್ಲ. ಅದು ಪರೀಕ್ಷೆಯಾಗಿತ್ತು. ಮನುಷ್ಯರು ಹಿಂಜರಿಯುತ್ತಾರೆ, ಆದ್ದರಿಂದ ಅವರನ್ನು ತೆಗೆದು ಯಂತ್ರ ಕೂರಿಸಿ ಎಂದು ತೀರ್ಮಾನವಾಗುತ್ತದೆ. ಎಷ್ಟು ಒಳ್ಳೆಯ ಶುರು! ಆದರೆ ಕೊನೆಯಲ್ಲಿ ಯಂತ್ರ, ಇಬ್ಬರೂ ಸರಿಯಾಗಿ ಆಡಿದರೆ ಯಾರೂ ಗೆಲ್ಲದ ಟಿಕ್-ಟ್ಯಾಕ್-ಟೋ ಆಟವನ್ನು ತನ್ನೊಂದಿಗೆ ತಾನೇ ಆಡಿ, ಯುದ್ಧದಲ್ಲಿ ಗೆಲ್ಲುವವರೇ ಇಲ್ಲ ಎಂದು ಅರಿತು ನಿಲ್ಲುತ್ತದೆ. ಸೇನಾಧಿಕಾರಿ ಪರದೆಯನ್ನು ನಂಬದೆ ಮರುದಾಳಿ ತಡೆಹಿಡಿಯುವ ದೃಶ್ಯ ಅದಕ್ಕೂ ಮುಂಚೆ ಬಂದು ಹೋಗುತ್ತದೆ. ನನ್ನ ಪ್ರಕಾರ ಇಡೀ ಸಿನಿಮಾದಲ್ಲಿ ಅದಕ್ಕಿಂತ ದೊಡ್ಡ ಗಳಿಗೆ ಇನ್ನೊಂದಿಲ್ಲ.

1983ರಲ್ಲಿ ಆ ಕೊನೆ ಹೊಸದಾಗಿತ್ತು. ಈಗ ಅದು ಅಪಾಯಕಾರಿ ಸಮಾಧಾನ. ತನ್ನೊಂದಿಗೆ ತಾನೇ ಆಡಿ ಕಲಿಯುವ ಯಂತ್ರಗಳು ನಿಜವಾಗಿಯೂ ಬಂದಿವೆ. 2017ರ ಆಲ್ಫಾಗೋ ಝೀರೋ ಎಂಬ ತಂತ್ರಾಂಶ ಹಾಗೆಯೇ ಗೋ ಎಂಬ ಮಣೆಯಾಟ ಕಲಿತಿತು. ಅದು ಕಲಿತಿದ್ದು ಗೆಲ್ಲುವುದನ್ನು. ಆಟವೇ ಬೇಡ ಎನ್ನುವುದನ್ನು ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಯಂತ್ರ ಸಾಕಷ್ಟು ಬುದ್ಧಿವಂತವಾದರೆ ಒಳ್ಳೆಯದೂ ಆಗಿಬಿಡುತ್ತದೆ ಎಂದು ಇವತ್ತಿನ ಮಕ್ಕಳಿಗೆ ಹೇಳುವುದು ನನಗೆ ಒಪ್ಪಿಗೆಯಿಲ್ಲ.

ಸಿನಿಮಾ ಬಿಡುಗಡೆಯಾದ ವರ್ಷವೇ, ಸೆಪ್ಟೆಂಬರ್ 26ರಂದು, ಸೋವಿಯತ್ ಅಧಿಕಾರಿ ಸ್ತನಿಸ್ಲಾವ್ ಪೆಟ್ರೋವ್ ಅವರ ಪರದೆಯ ಮೇಲೆ ಅಮೆರಿಕದ ಐದು ಕ್ಷಿಪಣಿಗಳು ಕಾಣಿಸಿದವು. ದಾಳಿ ಮಾಡುವವರು ಐದೇ ಐದು ಕಳಿಸುತ್ತಾರಾ? ಎಚ್ಚರಿಕೆ ವ್ಯವಸ್ಥೆಯೂ ಹೊಸದು. ಇದು ಸುಳ್ಳು ಎಂದು ಅವರು ಮೇಲಿನವರಿಗೆ ತಿಳಿಸಿದರು. ಮೋಡಗಳ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿ ಎಂದು ತಿಳಿದಿತ್ತು.

ನಮ್ಮ ಕ್ಷೇತ್ರದಲ್ಲೂ ಈಗ ದಾಳಿ ಕಂಡ ತಕ್ಷಣ ತಂತ್ರಾಂಶವೇ ಕ್ರಮ ಕೈಗೊಳ್ಳುತ್ತದೆ. ಒಂದು ಖಾತೆಗೆ ಬೀಗ ಹಾಕಲಿ, ತೊಂದರೆಯಿಲ್ಲ. ಆಸ್ಪತ್ರೆಯ ನೆಟ್‌ವರ್ಕನ್ನೇ ಕಡಿದು ಹಾಕಬೇಕೇ ಎಂಬುದನ್ನು ಮನುಷ್ಯರೇ ನಿರ್ಧರಿಸಬೇಕು. ಆದರೆ ಒಬ್ಬರನ್ನು ಹೆಸರಿಗೆ ಕೂರಿಸಿ, ರಾತ್ರಿಯಿಡೀ ನೂರಾರು ಎಚ್ಚರಿಕೆ ತೋರಿಸಿ, ಪ್ರತಿಯೊಂದಕ್ಕೂ ಕೆಲವೇ ಸೆಕೆಂಡ್ ಕೊಟ್ಟರೆ ಅವರು ‘ಸರಿ’ ಒತ್ತುತ್ತಾ ಹೋಗುತ್ತಾರೆ. ಅನುಮಾನಪಡಲು ಸಮಯ ಬೇಕು, ತಿಳಿವಳಿಕೆ ಬೇಕು, ಬೇಡ ಎಂದರೆ ಕೆಲಸ ಹೋಗದು ಎಂಬ ಧೈರ್ಯ ಬೇಕು. 2024ರ ನವೆಂಬರ್‌ನಲ್ಲಿ ಅಮೆರಿಕ ಮತ್ತು ಚೀನಾದ ಅಧ್ಯಕ್ಷರು ಅಣ್ವಸ್ತ್ರ ಬಳಸುವ ತೀರ್ಮಾನ ಮನುಷ್ಯರ ಕೈಯಲ್ಲೇ ಇರಬೇಕು ಎಂದು ಒಪ್ಪಿದರು. ಆ ಮನುಷ್ಯರಿಗೆ ಎಷ್ಟು ನಿಮಿಷ ಸಿಗುತ್ತದೆ ಎಂಬುದೇ ಹೊಸ ಸಿನಿಮಾದ ಕಥೆಯಾಗಬಹುದು.

2008ರಲ್ಲಿ ಒಂದು ಮುಂದುವರಿದ ಭಾಗ ಬಂದಿತ್ತು. ಅದು ನೇರವಾಗಿ ಡಿವಿಡಿಗೆ ಹೋಯಿತು. ಅದರ ದಾರಿ ಬೇಡ. ನನ್ನನ್ನು ಕೇಳಿದರೆ, ಹುಡುಗನ ಜೊತೆಗೆ ಪರದೆಯ ಮುಂದೆ ಕೂತ ಒಬ್ಬ ಮಹಿಳಾ ಅಧಿಕಾರಿಯನ್ನೂ ಮೊದಲಿನಿಂದಲೇ ತೋರಿಸಬೇಕು. ಮೂಲದಲ್ಲಿ ಹುಡುಗ ಇದು ಬರೀ ಆಟ ಎಂದು ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ, ಬಂಧಿಸಿ ಕೂರಿಸುತ್ತಾರೆ. ದೋಷ ಕಂಡು ತಿಳಿಸಲು ಬಂದವರನ್ನು ಕಳ್ಳರಂತೆ ನೋಡುವುದು ಇನ್ನೂ ನಿಂತಿಲ್ಲ. ಒಳ್ಳೆಯ ಉದ್ದೇಶದಿಂದ ಭದ್ರತಾ ದೋಷ ಹುಡುಕುವವರ ಮೇಲೆ ಮೊಕದ್ದಮೆ ಹೂಡುವುದಿಲ್ಲ ಎಂದು ಅಮೆರಿಕದ ನ್ಯಾಯ ಇಲಾಖೆ ನೀತಿ ಪ್ರಕಟಿಸಿದ್ದೇ 2022ರಲ್ಲಿ. ಹೊಸ ಸಿನಿಮಾದಲ್ಲಿ ಹುಡುಗನ ಫೋನ್ ಕರೆ ಆ ಅಧಿಕಾರಿಯ ಮೇಜಿಗೇ ಬರಲಿ. ಅವನ ಮಾತು ಮತ್ತು ಪರದೆಯ ಮಾತು, ಎರಡರಲ್ಲಿ ಯಾವುದನ್ನು ನಂಬಬೇಕು ಎಂದು ಆಕೆಯೇ ಯೋಚಿಸಿ ತೀರ್ಮಾನಿಸಲಿ.