ಮರಣದಂಡನೆ ಬೇಡ ಅಂದ ರಿಪಬ್ಲಿಕನ್ನರು

1994ರ ಸೆಪ್ಟೆಂಬರ್. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ಊರಲ್ಲಿ ಜೈಲಿನ ಹೊರಗೆ ಜನ ಸೇರಿದ್ರು, ಹೆರಾಲ್ಡ್ ಓಟಿ ಅನ್ನೋ ಕೈದಿನ ಎಲೆಕ್ಟ್ರಿಕ್ ಚೇರ್‌ಗೆ ಕೂರಿಸೋ ರಾತ್ರಿ ಅದು. ಒಂದ್ ಕಡೆ ಬಿಯರ್ರು, ಬ್ಯಾಂಡು, ನ್ಯೂ ಇಯರ್ ಥರ ಕೌಂಟ್‌ಡೌನ್ ಬೇರೆ. ಇನ್ನೊಂದ್ ಕಡೆ ಸುಮ್ನೆ ನಿಂತು ಪ್ರಾರ್ಥನೆ ಮಾಡೋರು. ಕೋಲ್ಬಿ ಕೋಶ್ ಅನ್ನೋ ಕಾಲೇಜ್ ಹುಡುಗ ಬಿಯರ್ ಇದ್ದ ಕಡೆ ನಿಂತಿದ್ದ, ಆಮೇಲೆ ನೆನೆಸ್ಕೊಂಡ್ರೆ ಅವನಿಗೇ ನಾಚಿಕೆ ಆಗ್ತಿತ್ತಂತೆ. ಈ ಹುಡುಗನ ಹತ್ರ ಆಮೇಲೆ ವಾಪಸ್ ಬರ್ತೀನಿ.

ಅಮೆರಿಕದಲ್ಲಿ ರಿಪಬ್ಲಿಕನ್ (ಅಲ್ಲಿನ ಬಲಪಂಥೀಯ ಪಕ್ಷ) ಅಂದ್ರೆ ಮರಣದಂಡನೆ ಪರ ಅಂತಾನೇ ಎಲ್ಲರ ಲೆಕ್ಕ. 1972ರಲ್ಲಿ ಸುಪ್ರೀಂ ಕೋರ್ಟ್ ನಿಲ್ಸಿತ್ತು, 1976ರಲ್ಲಿ ಅದೇ ಕೋರ್ಟ್ ಮತ್ತೆ ಓಕೆ ಅಂತು, ಆಮೇಲೆ ಕ್ರೈಮ್ ಜಾಸ್ತಿ ಆದ ಹಾಗೆ ಬೆಂಬಲಾನೂ ಏರ್ತಾ ಹೋಗಿ 1994ರಲ್ಲಿ ಗ್ಯಾಲಪ್ ಸರ್ವೇಲಿ 80%ಗೆ ಹೋಗಿ ನಿಂತ್ಕೊಂಡ್ತು. ಅಂಥ ಟೈಮಲ್ಲೂ ಒಳಗಿಂದಾನೇ ಅಪಸ್ವರ ಶುರುವಾಯ್ತು. 1998ರಲ್ಲಿ ಟೆಕ್ಸಸ್ಸಲ್ಲಿ ಕಾರ್ಲಾ ಫೇ ಟಕ್ಕರ್ ಕೇಸು. ಜೈಲಲ್ಲಿ ಧರ್ಮದ ಕಡೆ ತಿರುಗಿದ ಹೆಂಗಸು, ಅವಳನ್ನ ಉಳಿಸಿ ಅಂತ ಕೇಳಿದ್ದು ಯಾರೋ ಎಡಪಂಥೀಯರಲ್ಲ, ಟಿವಿ ಪಾದ್ರಿ ಪ್ಯಾಟ್ ರಾಬರ್ಟ್‌ಸನ್. ಗವರ್ನರ್ ಬುಷ್ ಒಪ್ಲಿಲ್ಲ, ಶಿಕ್ಷೆ ಜಾರಿ ಆಯ್ತು.

ಇಲಿನಾಯ್‌ದು ಇನ್ನೂ ಜೋರು. ಅಲ್ಲಿ 1977ರಿಂದ ಸಾಯಿಸಿದ್ದು 12 ಜನರನ್ನ, ತಪ್ಪು ತೀರ್ಪು ಅಂತ ಗೊತ್ತಾಗಿ ಡೆತ್ ರೋದಿಂದ (ಮರಣದಂಡನೆ ಕೈದಿಗಳನ್ನ ಇಡೋ ಜಾಗ) ಹೊರಗೆ ಬಂದೋರು 13 ಜನ! ರಿಪಬ್ಲಿಕನ್ ಗವರ್ನರ್ ಜಾರ್ಜ್ ರಯಾನ್ 2000ದಲ್ಲಿ ಎಲ್ಲಾ ನಿಲ್ಲಿಸಿ, 2003ರಲ್ಲಿ ಖುರ್ಚಿ ಬಿಡೋಕ್ ಮುಂಚೆ 167 ಜನರ ಮರಣದಂಡನೆನ ಜೈಲುಶಿಕ್ಷೆಗೆ ಇಳಿಸಿಬಿಟ್ರು. (ಇದೇ ರಯಾನ್ ಆಮೇಲೆ ಭ್ರಷ್ಟಾಚಾರದ ಕೇಸಲ್ಲಿ ಜೈಲಿಗೆ ಹೋದ್ರು, ಅದು ಬೇರೆ ಕಥೆ.)

ಮರಣದಂಡನೆ ಬೇಡ ಅನ್ನೋ ರಿಪಬ್ಲಿಕನ್ನರ ವಾದ ಏನು ಅಂದ್ರೆ, ಗರ್ಭಪಾತಕ್ಕೆ ವಿರೋಧ ಅಂತೀವಿ, ಜೀವ ಅಂದ್ಮೇಲೆ ಎಲ್ಲಾ ಜೀವಾನೂ ಲೆಕ್ಕಕ್ಕೆ ಬರ್ಬೇಕಲ್ವಾ ಅನ್ನೋರು ಒಂದಿಷ್ಟು ಜನ. ದುಡ್ಡಿನ ಮಾತೂ ಇದೆ, ಕ್ಯಾಲಿಫೋರ್ನಿಯಾ 1978ರಿಂದ ಸುಮಾರು 400 ಕೋಟಿ ಡಾಲರ್ ಸುರಿದು ಸಾಯಿಸಿದ್ದು 13 ಜನರನ್ನ ಅಂತ 2011ರ ಒಂದು ಸ್ಟಡಿ ಲೆಕ್ಕ ಕೊಟ್ಟಿತ್ತು. ನಂಗೆ ಮಾತ್ರ ಗಟ್ಟಿ ಅನ್ಸೋದು ಇನ್ನೊಂದು: ರೋಡಲ್ಲಿರೋ ಗುಂಡಿ ನೆಟ್ಟಗೆ ಮುಚ್ಚೋಕೆ ಬರಲ್ಲ ಅಂತ ದಿನಾ ಬೈಯೋ ಸರ್ಕಾರದ ಕೈಗೆ, ಯಾರು ಸಾಯ್ಬೇಕು ಅನ್ನೋ ತೀರ್ಮಾನ ಮಾತ್ರ ಹೆಂಗೆ ಕೊಡ್ತೀರ? ಸರ್ಕಾರ ಚಿಕ್ಕದಿರ್ಲಿ ಅನ್ನೋರಿಗೆ ಇದಕ್ಕೆ ಉತ್ತರ ಹೇಳೋದು ಕಷ್ಟ. ಮೊಂಟಾನಾದಲ್ಲಿ ಹಿಂಗೇ ಯೋಚ್ನೆ ಮಾಡೋ ಒಂದು ಗುಂಪು ಹುಟ್ಕೊಂಡು, 2013ರಲ್ಲಿ ದೇಶದ ಮಟ್ಟಕ್ಕೂ ಬಂತು.

ಈಗ ಕೋಶ್ ವಿಷ್ಯ. 2015ರ ಹೊತ್ತಿಗೆ ಅವರು ನೆಬ್ರಾಸ್ಕಾದ ಸೆನೆಟರ್. ಅಲ್ಲಿ ಒಂದೇ ಸದನ, 49 ಸೀಟು, ಹೆಚ್ಚಿನೋರು ರಿಪಬ್ಲಿಕನ್ನರು. ಅರ್ನಿ ಚೇಂಬರ್ಸ್ ಅನ್ನೋ ಹಿರಿಯರು ಸುಮಾರು 40 ವರ್ಷದಿಂದ ಮರಣದಂಡನೆ ರದ್ದು ಮಾಡಿ ಅಂತ ಬಿಲ್ ತರ್ತಾನೇ ಇದ್ರು, ಈ ಸಲ ಕೋಶ್ ಥರದೋರೂ ಕೈ ಜೋಡ್ಸಿದ್ರಿಂದ ಪಾಸ್ ಆಯ್ತು. ಗವರ್ನರ್ ಪೀಟ್ ರಿಕೆಟ್ಸ್ ವೀಟೋ ಹಾಕಿದ್ರು. ವೀಟೋ ಮುರಿಯೋಕೆ 30 ವೋಟ್ ಬೇಕಿತ್ತು, ಬಿದ್ದಿದ್ದು ಕರೆಕ್ಟಾಗಿ 30.

ತಮಾಷೆ ಅಂದ್ರೆ ಅದೇ ವರ್ಷ ಇಂಜೆಕ್ಷನ್‌ಗೆ ಬೇಕಾದ ಔಷಧಿ ಎಲ್ಲೂ ಸಿಗದೆ ನೆಬ್ರಾಸ್ಕಾ ಸರ್ಕಾರ ನಮ್ ಕೋಲ್ಕತ್ತಾದ ಒಬ್ಬ ವ್ಯಾಪಾರಿಗೆ 54,400 ಡಾಲರ್ ಕಟ್ಟಿತ್ತು. ಔಷಧಿ ತರಿಸೋಕೆ ಅಮೆರಿಕದ ಕಾನೂನೇ ಬಿಡ್ಲಿಲ್ಲ. ಮಾಲೂ ಬರ್ಲಿಲ್ಲ, ದುಡ್ಡೂ ವಾಪಸ್ ಬರ್ಲಿಲ್ಲ. ದುಂದುವೆಚ್ಚ ಅಂತಿದ್ದೋರಿಗೆ ಇದಕ್ಕಿಂತ ಉದಾಹರಣೆ ಬೇಕಾ!

ಆದ್ರೆ ಮತದಾರರು ಸೆನೆಟರ್‌ಗಳ ಹಿಂದೆ ಹೋಗ್ಲಿಲ್ಲ. ರಿಕೆಟ್ಸ್ ಮತ್ತೆ ಅವರಪ್ಪ ಸ್ವಂತ ದುಡ್ಡು ಹಾಕಿ ಸಹಿ ಸಂಗ್ರಹಕ್ಕೆ ಬಲ ಕೊಟ್ರು, 2016ರ ಜನಮತಗಣನೆಲಿ 60%ಗಿಂತ ಜಾಸ್ತಿ ಜನ ಮರಣದಂಡನೆ ಇರ್ಲಿ ಅಂದ್ರು. 2018ರ ಆಗಸ್ಟಲ್ಲಿ ಪೋಪ್ ಫ್ರಾನ್ಸಿಸ್ ಈ ಶಿಕ್ಷೆ ಒಪ್ಪೋಕಾಗಲ್ಲ ಅಂತ ಚರ್ಚಿನ ಬೋಧನೆನೇ ಬದಲಾಯಿಸಿದ್ರು, ಅದಾಗಿ ಎರಡು ವಾರಕ್ಕೆ, ಸ್ವತಃ ಕ್ಯಾಥೊಲಿಕ್ ಆಗಿರೋ ರಿಕೆಟ್ಸ್ ಆಡಳಿತದಲ್ಲಿ ಕೇರಿ ಡೀನ್ ಮೂರ್‌ಗೆ ಫೆಂಟನಿಲ್ ಕೊಟ್ಟು ಸಾಯಿಸಿದ್ರು. ಆ ರಾಜ್ಯದಲ್ಲಿ 21 ವರ್ಷದಲ್ಲಿ ಅದೇ ಮೊದಲು.

ಹಾಗಂತ ಮುಗೀತು ಅನ್ಕೋಬೇಡಿ. ಗ್ಯಾಲಪ್‌ನ 80% 2024ರ ಹೊತ್ತಿಗೆ 53%ಗೆ ಇಳಿದಿತ್ತು, ರಿಪಬ್ಲಿಕನ್ನರಲ್ಲಿ ಮಾತ್ರ ಬೆಂಬಲ ಇನ್ನೂ ಗಟ್ಟಿಯಾಗೇ ಇದೆ. ಹಂಗಾಗಿ ಈಗ ಜಗಳ ನಡೀತಿರೋದು ಕಾನೂನಿಗಿಂತ ಜಾಸ್ತಿ ಒಂದೊಂದೇ ಕೇಸಲ್ಲಿ. ಟೆಕ್ಸಸ್ಸಲ್ಲಿ ರಾಬರ್ಟ್ ರಾಬರ್ಸನ್‌ಗೆ ಮಗಳನ್ನ ಕೊಂದ ಅಂತ ಮರಣದಂಡನೆ ಆಗಿತ್ತು, ಮಗುನ ಜೋರಾಗಿ ಅಲ್ಲಾಡಿಸಿದ್ದಕ್ಕೇ ಸತ್ತಿದ್ದು ಅನ್ನೋ ವೈದ್ಯಕೀಯ ವಾದದ ಬಗ್ಗೆ ಆಮೇಲೆ ಭಾರಿ ಅನುಮಾನ ಎದ್ದಿತ್ತು. 2024ರ ಅಕ್ಟೋಬರ್ 17, ಗುರುವಾರ ಸಾಯಿಸ್ಬೇಕು. ಹಿಂದಿನ ದಿನ ಜೆಫ್ ಲೀಚ್ ಅನ್ನೋ ರಿಪಬ್ಲಿಕನ್ ಶಾಸಕರೂ ಇದ್ದ ಸದನ ಸಮಿತಿ, ಮುಂದಿನ ಸೋಮವಾರ ಬಂದು ಸಾಕ್ಷಿ ಹೇಳು ಅಂತ ರಾಬರ್ಸನ್‌ಗೇ ಸಮನ್ಸ್ ಕಳಿಸ್ತು! ಗುರುವಾರ ಸತ್ತೋನು ಸೋಮವಾರ ಹೆಂಗೆ ಬರ್ತಾನೆ? ಅವತ್ತು ರಾತ್ರಿ ಕೋರ್ಟ್ ತಡೆ ಕೊಡ್ತು. 2025ರ ಅಕ್ಟೋಬರ್‌ಗೆ ಮತ್ತೆ ಡೇಟ್ ಫಿಕ್ಸ್ ಆಗಿತ್ತು, ಒಂದು ವಾರ ಇದೆ ಅನ್ನೋವಾಗ ಅದಕ್ಕೂ ತಡೆ ಬಿತ್ತು.