ಎಪ್ಪತ್ತು ಕಿಲೋಮೀಟರಿನ ಕೊಲೆ ರಹಸ್ಯ

ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್. ದಾಬಸ್‌ಪೇಟೆ, ನೆಲಮಂಗಲಗಳಲ್ಲಿ ಬಸ್ಸು ನಿಂತು ಹೊರಡುವ ಹೊತ್ತನ್ನೂ ಸೇರಿಸಿದರೆ, ಹಿಂದಿನ ಕಾಲಕ್ಕೆ ಅದು ಸರಿಯಾಗಿ ಒಂದು ಪತ್ತೇದಾರಿ ಕಾದಂಬರಿಯ ದಾರಿ. ಪುಸ್ತಕವೂ ಆ ಪ್ರಯಾಣಕ್ಕೆಂದೇ ಅಳೆದು ಕತ್ತರಿಸಿದಂತಿರುತ್ತಿತ್ತು: ಅಂಗಿಯ ಜೇಬಿಗೆ ಇಳಿಯುವ ಗಾತ್ರ, ಬೆವರು ಕೈ ತಾಗಿದರೆ ಮಾಸುವ ಅಗ್ಗದ ಕಾಗದ, ರಕ್ಷಾಪುಟದಲ್ಲಿ ಪಿಸ್ತೂಲು ಹಿಡಿದ ಕೈ, ಬೆದರಿದ ಹೆಣ್ಣಿನ ಮುಖ, ರಕ್ತ ತೊಟ್ಟಿಕ್ಕುವ ಅಕ್ಷರಗಳು. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯ ಪ್ರತಿಯಾದರೆ ಇನ್ನೊಂದು ಅಪಾಯವಿತ್ತು. ನಮಗಿಂತ ಮೊದಲು ಓದಿದ ಯಾರೋ ಪುಣ್ಯಾತ್ಮರು ಮೊದಲ ಪುಟದಲ್ಲಿಯೇ ‘ಕೊಲೆಗಾರ ಮ್ಯಾನೇಜರು’ ಎಂದು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿರುತ್ತಿದ್ದರು.

ಇಂದು ಬಸ್ ನಿಲ್ದಾಣದ ಅಂಗಡಿಗಳಲ್ಲಿ ನೀರಿನ ಬಾಟಲಿ, ಚಿಪ್ಸು, ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಿವೆ, ಪತ್ತೇದಾರನಿಲ್ಲ. ಹಾಗೆಂದು ಅವನು ಸತ್ತಿಲ್ಲ. ದಪ್ಪ ಪುಸ್ತಕದಲ್ಲಿ, ನಯವಾದ ಕಾಗದದಲ್ಲಿ, ಪ್ರಾಧ್ಯಾಪಕನೋ ಸಂಶೋಧಕನೋ ಆಗಿ ಮರಳಿ ಬಂದಿದ್ದಾನೆ. ಟಿವಿ ಬಂತು, ಓದು ಹೋಯಿತು ಎಂಬ ಸುಲಭದ ವಿವರಣೆ ನನಗೆ ಸಾಲದು. ನಡುವೆ ಏನಾಯಿತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1841ರಲ್ಲಿ ಎಡ್ಗರ್ ಅಲನ್ ಪೋ ಸೃಷ್ಟಿಸಿದ ಪತ್ತೇದಾರ ದ್ಯುಪೆ ಪೊಲೀಸನಲ್ಲ. 1887ರಲ್ಲಿ ಬಂದ ಷರ್ಲಾಕ್ ಹೋಮ್ಸ್ ಕೂಡ ಅಲ್ಲ. 1930ರಲ್ಲಿ ಅಗಾಥಾ ಕ್ರಿಸ್ಟಿಯ ಕಾದಂಬರಿಗೆ ಕಾಲಿಟ್ಟ ಮಿಸ್ ಮಾರ್ಪಲ್ ಅಂತೂ ಸ್ವೆಟರ್ ಹೆಣೆಯುವ ಹಳ್ಳಿಯ ಅವಿವಾಹಿತ ವೃದ್ಧೆ. ಇಂಥವರನ್ನು ನಮ್ಮಲ್ಲಿಗೆ ಕರೆತರುವುದರಲ್ಲಿ ಒಂದು ತೊಡಕಿತ್ತು. ಇಲ್ಲಿ ಹೆಣ ಬಿದ್ದ ಕಡೆ ಮಹಜರು ಮಾಡುವುದು ಪೊಲೀಸರು, ಪಂಚರಾಗಿ ಸಹಿ ಹಾಕುವುದು ಅಕ್ಕಪಕ್ಕದವರು. ಖಾಸಗಿ ಪತ್ತೇದಾರನಿಗೆ ಅಲ್ಲಿ ಕಾನೂನಿನ ಯಾವ ಸ್ಥಾನವೂ ಇಲ್ಲ. ಖಾಸಗಿ ಪತ್ತೇದಾರಿ ಸಂಸ್ಥೆಗಳನ್ನು ನಿಯಂತ್ರಿಸುವ ಮಸೂದೆಯೊಂದು 2007ರಲ್ಲಿ ರಾಜ್ಯಸಭೆಗೆ ಬಂದರೂ ಕಾನೂನಾಗಲಿಲ್ಲ. ಕನ್ನಡದ ಲೇಖಕರು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡರು: ಇನ್ಸ್‌ಪೆಕ್ಟರನ್ನು ಪತ್ತೇದಾರನ ಗೆಳೆಯನನ್ನಾಗಿ ಮಾಡಿದರು. ಕೊಲೆಯಾದ ಕೂಡಲೇ ಫೋನು ಗಣಗಣಿಸುತ್ತದೆ, ‘ಸ್ವಲ್ಪ ಬಂದು ಹೋಗಬೇಕು’ ಎಂದು ಇಲಾಖೆಯೇ ಕೇಳಿಕೊಳ್ಳುತ್ತದೆ. ವಾಸ್ತವದಲ್ಲಿ ಯಾವ ಠಾಣೆಯೂ ಹಾಗೆ ಕರೆಯುವುದಿಲ್ಲವೆಂದು ಓದುಗರಿಗೆ ಗೊತ್ತಿತ್ತು. ಗೊತ್ತಿದ್ದೇ ಒಪ್ಪಿಕೊಂಡರು.

ಆ ಒಪ್ಪಂದದ ಮೇಲೆ ದೊಡ್ಡ ಮನೆ ಕಟ್ಟಿದವರು ಎನ್. ನರಸಿಂಹಯ್ಯ. ಓದಿದ್ದು ನಾಲ್ಕನೆಯ ತರಗತಿಯವರೆಗೆ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. 1950ರ ದಶಕದಿಂದ ಅವರ ಪತ್ತೇದಾರ ಪುರುಷೋತ್ತಮ, ಅರಿಂಜಯರು ಕನ್ನಡದ ಮನೆಮಾತಾದರು. ಅದೇ ಕಾಲದಲ್ಲಿ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದ ಮ. ರಾಮಮೂರ್ತಿ ಕನ್ನಡ ಚಳವಳಿಯ ಮುಂದಾಳು. ರಾಜ್ಯೋತ್ಸವದಂದು ಆಟೊಗಳ ಮೇಲೆ ಹಾರುವ ಹಳದಿ-ಕೆಂಪು ಬಾವುಟವನ್ನು ರೂಪಿಸಿದವರು ಅವರೇ. ಬಾವುಟಕ್ಕೆ ಸಿಕ್ಕ ಗೌರವ ಅವರ ಕಾದಂಬರಿಗಳಿಗೆ ಸಿಗಲಿಲ್ಲ. ವಿಮರ್ಶಕರು ಈ ಇಡೀ ಸಾಹಿತ್ಯವನ್ನು ‘ಜನಪ್ರಿಯ’ ಎಂಬ ಒಂದೇ ಚೀಟಿ ಅಂಟಿಸಿ ಅಟ್ಟಕ್ಕೆ ಹಾಕಿದರು. ಅಕ್ಷರ ಕೂಡಿಸಿ ಓದುತ್ತಿದ್ದವರನ್ನು ಇಡೀ ಪುಸ್ತಕ ಮುಗಿಸುವ ಓದುಗರನ್ನಾಗಿ ಮಾಡಿದ್ದು ಈ ಚೀಟಿಯವರೇ ಎಂಬುದು ಅವರ ಲೆಕ್ಕಕ್ಕೆ ಬರಲಿಲ್ಲ.

ಇನ್ನೊಂದು ಕೆಲಸವನ್ನೂ ಈ ಕಾದಂಬರಿಗಳು ಸದ್ದಿಲ್ಲದೆ ಮಾಡಿದವು. ಭೂತಬಂಗಲೆ, ಬಿಳಿ ಸೀರೆ, ನಡುರಾತ್ರಿಯ ಗೆಜ್ಜೆ ಎಲ್ಲವೂ ಇರುತ್ತಿದ್ದವು. ಕೊನೆಯ ಅಧ್ಯಾಯದಲ್ಲಿ ಮಾತ್ರ ಎಲ್ಲದರ ಹಿಂದೆ ಆಸ್ತಿಯ ಆಸೆಗೆ ಬಿದ್ದ ಒಬ್ಬ ದಾಯಾದಿ ಸಿಕ್ಕಿಬೀಳುತ್ತಿದ್ದ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿ ರಚಿಸಿ ದೇಶದಾದ್ಯಂತ ಸುದ್ದಿಯಾದರು. ದೆವ್ವ ಪವಾಡಗಳ ಹಿಂದೆ ಮನುಷ್ಯನ ಕೈ ಹುಡುಕುವ ಅಭ್ಯಾಸವನ್ನು ಇನ್ನೊಬ್ಬ ನರಸಿಂಹಯ್ಯ ಅಷ್ಟರೊಳಗೆ ಬಸ್ ಪ್ರಯಾಣಿಕರಿಗೆ ಮಾಡಿಸಿಬಿಟ್ಟಿದ್ದರು.

ಕೋಲಾರ, ಚಿಕ್ಕಬಳ್ಳಾಪುರಗಳ ಕಥೆ ತುಸು ಬೇರೆ. ಮುಳಬಾಗಿಲು, ಚಿಂತಾಮಣಿ, ಬಾಗೇಪಲ್ಲಿಯ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಹಾಗಾಗಿ ಪುರುಷೋತ್ತಮನಿಗೆ ಇಲ್ಲಿ ಗಡಿಯಾಚೆಯ ಪೈಪೋಟಿಯಿತ್ತು: ಕೊಮ್ಮೂರಿ ಸಾಂಬಶಿವರಾವ್ ಅವರ ಡಿಟೆಕ್ಟಿವ್ ಯುಗಂಧರ್, ಆಮೇಲೆ ಮಧುಬಾಬು ಅವರ ಗೂಢಚಾರ ಷ್ಯಾಡೋ. ಎಂಬತ್ತರ ದಶಕದಲ್ಲಿ ತೆಲುಗು ಕಾದಂಬರಿಕಾರ ಯಂಡಮೂರಿ ವೀರೇಂದ್ರನಾಥರು ವಂಶಿಯವರ ಅನುವಾದದಲ್ಲಿ ಕನ್ನಡಕ್ಕೆ ಬಂದಾಗ ಉಳಿದ ಕರ್ನಾಟಕ ಬೆರಗಾಯಿತು. ಈ ಭಾಗದ ಓದುಗರಿಗೆ ಆ ಹೆಸರು ಹೊಸದೇನಲ್ಲ.

ಹಾಗಾದರೆ ಪತ್ತೇದಾರ ಕಳೆದುಹೋದದ್ದು ಹೇಗೆ? ಒಂದು ಕಾರಣ ವ್ಯಾಪಾರದ್ದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ನಂತರ ಸರ್ಕಾರ ಪುಸ್ತಕಗಳ ದೊಡ್ಡ ಗಿರಾಕಿಯಾಗುತ್ತ ಹೋಯಿತು, ಸಗಟು ಖರೀದಿಯನ್ನು ನೆಚ್ಚಿಕೊಂಡ ಪ್ರಕಾಶಕರು ಹೆಚ್ಚಿದರು. ಆಯ್ಕೆ ಸಮಿತಿ ಮೆಚ್ಚುವ ಪುಸ್ತಕವೇ ಬೇರೆ, ಕಂಡಕ್ಟರ್ ಸೀಟಿ ಊದುವ ಮುನ್ನ ಕಿಟಕಿಯಿಂದ ಕೈ ಚಾಚಿ ಕೊಳ್ಳುವ ಪುಸ್ತಕವೇ ಬೇರೆ. ಇದಕ್ಕಿಂತ ಬಲವಾದ ಹೊಡೆತವೆಂದು ನಾನು ಭಾವಿಸುವುದು ನಿಜ ಅಪರಾಧದ ಬರವಣಿಗೆಯನ್ನು. 1995ರಲ್ಲಿ ರವಿ ಬೆಳಗೆರೆ ‘ಹಾಯ್ ಬೆಂಗಳೂರ್!’ ವಾರಪತ್ರಿಕೆ ಆರಂಭಿಸಿದರು, ಮುಂದೆ ಅವರದೇ ನಿರೂಪಣೆಯಲ್ಲಿ ‘ಕ್ರೈಂ ಡೈರಿ’ ಟಿವಿಗೂ ಬಂತು. ಕೊಲೆಗಾರನ ನಿಜವಾದ ಹೆಸರು, ಊರು, ಫೋಟೊ, ಅವನು ಮಚ್ಚು ಕೊಂಡ ಅಂಗಡಿ ಎಲ್ಲವೂ ಕಾದಂಬರಿಯ ವೇಗದಲ್ಲಿಯೇ ಸಿಗುವಾಗ ಕಲ್ಪನೆಯ ಮ್ಯಾನೇಜರನ್ನು ಕೇಳುವವರು ಯಾರು?

ಮರಳಿ ಬರುವ ದಾರಿಯನ್ನು ಮೊದಲು ತೋರಿಸಿದವರು, ವಿಚಿತ್ರವೆಂದರೆ, ಸಾಹಿತ್ಯದ ಮುಖ್ಯ ಬೀದಿಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿ. ಏಲಕ್ಕಿಯ ಇಳುವರಿ ಕುಸಿದದ್ದೇಕೆ ಎಂದು ಹುಡುಕಲು ಬರುವ ತನಿಖಾಧಿಕಾರಿಯಿರುವ ಅವರ ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಟ್ಟದ ಮೇಲಿದ್ದದ್ದು ಪಡಸಾಲೆಗೆ ಇಳಿಯಿತು. ಆಮೇಲೆ ಬಂದವರು ಕೋಲಾರ ಜಿಲ್ಲೆಯ ಕೆ.ಎನ್. ಗಣೇಶಯ್ಯ. ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದವರು. ಅವರ ಕಾದಂಬರಿಗಳಲ್ಲಿ ಸುಳಿವು ಸಿಗುವುದು ಸಿಗರೇಟಿನ ತುಂಡಿನಲ್ಲಲ್ಲ. ದೇವಾಲಯದ ಶಿಲ್ಪದಲ್ಲಿ, ಶಾಸನದ ಸಾಲಿನಲ್ಲಿ, ಗಿಡದ ತಳಿಯಲ್ಲಿ. ಹುಡುಕುವವರು ಇತಿಹಾಸಕಾರರು, ಸಂಶೋಧಕರು. ಓಡುವ ಕಥೆಯ ನಡುವೆ ಅಡಿಟಿಪ್ಪಣಿ ಹಾಕಿ ಆಧಾರ ಕೊಡುವ ಅವರ ಪದ್ಧತಿ ಕೆಲವರಿಗೆ ಪಾಠದಂತೆ ಕಾಣುತ್ತದೆ. ನನಗೆ ಅದು ಪತ್ತೇದಾರನ ನೋಟ್‌ಪುಸ್ತಕವನ್ನೇ ಓದುಗರ ಕೈಗೆ ಕೊಟ್ಟಂತೆ. ಕೊಲೆಗಾರ ಸಿಕ್ಕಿದ ಮೇಲೂ ಹುಡುಕಲು ಏನೋ ಉಳಿದಿರುತ್ತದೆ. ಅನುಷ್ ಶೆಟ್ಟಿಯಂಥ ಹೊಸಬರ ರೋಚಕ ಕಾದಂಬರಿಗಳಿಗೆ ಓದುಗರ ಇನ್ನೊಂದು ತಲೆಮಾರೇ ಸಿಕ್ಕಿದೆ. ಅವು ಬಸ್ ನಿಲ್ದಾಣದಲ್ಲಿ ಸಿಗುವುದಿಲ್ಲ. ಮೊಬೈಲ್‌ನಲ್ಲಿ ಹಣ ಕಟ್ಟಿದರೆ ಮನೆಗೆ ಬರುತ್ತವೆ.

ಕಥೆ ಚರಿತ್ರೆಯತ್ತಲೋ ಕಾಡಿನತ್ತಲೋ ಹೊರಳಲು ಕಸುಬಿನ ಕಾರಣವೊಂದಿದೆ. ಇಂದು ಟವರಿನ ದಾಖಲೆ, ಕರೆಗಳ ಪಟ್ಟಿ, ಸಿಸಿಟಿವಿ ಸೇರಿ ಮೂರನೆಯ ಅಧ್ಯಾಯದಲ್ಲಿಯೇ ಆರೋಪಿಯನ್ನು ಹಿಡಿದುಬಿಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆನ್ನುತ್ತದೆ. ಭೂತಗನ್ನಡಿ ಹಿಡಿದು ಬರುವ ಹವ್ಯಾಸಿಗೆ ಅಲ್ಲಿ ನಿಲ್ಲಲೂ ಜಾಗವಿಲ್ಲ.

ಕಡತಗಳ ನಡುವೆ ಮಾತ್ರ ಅವನಿಗೆ ಇನ್ನೂ ಜಾಗವಿದೆ, ಅದಕ್ಕೆ ಬೇಕಾದ ಸರಕು ನಮ್ಮ ಜಿಲ್ಲೆಗಳಲ್ಲಿಯೇ ಬಿದ್ದಿದೆ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ದಿಬ್ಬಗಳೂ ಪ್ರತ್ಯೇಕ ಪೊಲೀಸ್ ಜಿಲ್ಲೆಯೂ ಉಳಿದಿವೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಿದೆ. ತುಮಕೂರಿನದಂತೂ ಅರ್ಧ ಬರೆದಿಟ್ಟ ಕಥೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗದ ಜೊತೆಗೆ ಈ ಜಿಲ್ಲೆಯಲ್ಲಿಯೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಅದಕ್ಕೆ ಮುಂಚಿನ ತಿಂಗಳು ಅಕ್ರಮ ಗಣಿಗಾರಿಕೆಯ ಬಗ್ಗೆ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಬಂದಿತ್ತು. ಅದರ ಹಿಂದಿದ್ದ ಯು.ವಿ. ಸಿಂಗ್ ಪೊಲೀಸರಲ್ಲ, ಅರಣ್ಯಾಧಿಕಾರಿ. ಪರವಾನಗಿಯ ಚೀಟಿಯಲ್ಲಿದ್ದ ತೂಕಕ್ಕೂ ಲಾರಿ ನಿಜಕ್ಕೂ ಹೊತ್ತ ತೂಕಕ್ಕೂ ತಾಳೆ ನೋಡುವಂಥ ಒಣ ಕೆಲಸ ಅದು. ಚಿಕ್ಕನಾಯಕನಹಳ್ಳಿಯ ಕಡೆಯ ತೂಕದ ಕಟ್ಟೆಯ ಗುಮಾಸ್ತನೊಬ್ಬ, ಒಂದೇ ನಂಬರಿನ ಲಾರಿ ಒಂದೇ ಹೊತ್ತಿನಲ್ಲಿ ಎರಡು ಕಡೆ ತೂಗಿದ್ದನ್ನು ಕಂಡು ಮನೆಗೆ ಹೋಗದೆ ರಿಜಿಸ್ಟರು ತಿರುವುತ್ತ ಕೂರುವ ಕಾದಂಬರಿಯನ್ನು ಯಾರಾದರೂ ಬರೆದರೆ, ಮೊದಲ ಪ್ರತಿಯ ಹಣ ಈಗಲೇ ಕಟ್ಟಲು ನಾನು ಸಿದ್ಧ.